ವರ್ತನಾ ವಿಶ್ಲೇಷಕರಾಗಲು ದಾರಿ ಯಾವುದು?

ಮೈಸೂರು: ಆಟಿಸಂ ಇರುವ ಮಗು ಕಿರುಚುವ ಮುನ್ನ ಏನು ನಡೆಯಿತು, ಕಿರುಚಿದ ಬಳಿಕ ಅದಕ್ಕೆ ಏನು ದೊರೆಯಿತು ಎಂಬುದನ್ನು ದಾಖಲಿಸಿ, ಕಿರುಚುವ ಬದಲು ಕೇಳಿ ಪಡೆಯುವುದನ್ನು ಕಲಿಸುವವರು ವರ್ತನಾ ವಿಶ್ಲೇಷಕರು.

ಈ ಕ್ಷೇತ್ರದಲ್ಲಿ ಹೆಸರಾದುದು ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಮಂಡಳಿಯು ನೀಡುವ ‘ಬಿಸಿಬಿಎ’ ಪ್ರಮಾಣಪತ್ರ. ಸ್ನಾತಕೋತ್ತರ ಪದವಿ, ನಿಗದಿತ ಪಠ್ಯ, ಮೇಲ್ವಿಚಾರಣೆಯಲ್ಲಿ ತರಬೇತಿ ಹಾಗೂ ಪರೀಕ್ಷೆ ಅದರ ಮೆಟ್ಟಿಲುಗಳು. ಆದರೆ 2023ರಿಂದ ಭಾರತದ ನಿವಾಸಿಗಳ ಹೊಸ ಅರ್ಜಿಗಳನ್ನು ಮಂಡಳಿ ಸ್ವೀಕರಿಸುತ್ತಿಲ್ಲ. ಲಕ್ಷ್ಮೀಪುರಂನ ಮನೆಯಲ್ಲೇ ಕುಳಿತು ಆನ್‌ಲೈನ್ ಕೋರ್ಸ್ ಮುಗಿಸಿದ ಮಾತ್ರಕ್ಕೆ ಆ ಪ್ರಮಾಣಪತ್ರ ದೊರೆಯದು.

ಸಹಾಯಕ ಹಾಗೂ ಆರೋಗ್ಯ ಸೇವಾ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ ವರ್ತನಾ ವಿಶ್ಲೇಷಕರ ಹೆಸರಿದೆ. ಸಮೀಪದ ವೃತ್ತಿಗಳಾದ ಕ್ಲಿನಿಕಲ್ ಮನಶ್ಶಾಸ್ತ್ರ, ವಿಶೇಷ ಶಿಕ್ಷಣಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಿದೆ.

ಶುಲ್ಕ ಕಟ್ಟುವ ಮುನ್ನ ಪ್ರಮಾಣಪತ್ರ ನೀಡುವವರು ಯಾರು, ಅದು ಎಲ್ಲಿ ಮಾನ್ಯ ಎಂಬುದನ್ನು ಅಭ್ಯರ್ಥಿಗಳು ಖಚಿತಪಡಿಸಿಕೊಳ್ಳಬೇಕು.