ಪುರೋಹಿತರಿಲ್ಲದ ನಮ್ಮ ಮದುವೆ

ಜಾತಕ ಬೇಡ, ವರದಕ್ಷಿಣೆ ಬೇಡ, ಪುರೋಹಿತರೂ ಬೇಡ ಎಂದು ನಾವಿಬ್ಬರೂ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಹಾಗಾದರೆ ಮದುವೆ ಮಾಡಿಸೋರು ಯಾರು?" ಆ ಪ್ರಶ್ನೆಗೆ ಕುವೆಂಪು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ರಾಜೇಶ್ವರಿಯವರ ಕೈಹಿಡಿದಾಗ ಅವರು ರೂಪಿಸಿದ ಸರಳ ವಿಧಿಯೇ ಮಂತ್ರಮಾಂಗಲ್ಯ. ಅದರಲ್ಲಿ ಮಂತ್ರಗಳಿವೆ, ಆದರೆ ಅವುಗಳ ಅರ್ಥ ಕನ್ನಡದಲ್ಲೇ ಎಲ್ಲರಿಗೂ ತಿಳಿಯುತ್ತದೆ. ಜಾತಿ, ಮೂಢನಂಬಿಕೆಗಳ ಕಟ್ಟಿನಿಂದ ಬಿಡುಗಡೆ ಪಡೆದಿದ್ದೇವೆಂದು ವಧೂವರರು ತಾವೇ ಘೋಷಿಸುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಅರ್ಥವಾಗದ ಮಾತಿಗೆ ತಲೆದೂಗಿ ಬಾಳು ಶುರುಮಾಡುವುದು ನನ್ನಿಂದಾಗದು.

ಹಿತ್ತಲ ಹಲಸಿನ ಮರದಡಿ ಚಾಪೆ ಹಾಸಿದೆವು. ಪ್ರತಿಜ್ಞೆಗಳನ್ನು ಓದಿಸಿದವರು ನನಗೆ ಅಕ್ಷರ ಕಲಿಸಿದ ಮೇಷ್ಟ್ರು. ಅಜ್ಜಿಯ ಆಸೆಯಂತೆ ಮಲ್ಲಿಗೆ ಹಾರ, ಹೋಳಿಗೆ ಊಟ ಉಳಿದವು. ಪ್ರೀತಿಯಿಂದ ಬಂದದ್ದನ್ನೆಲ್ಲ ತಳ್ಳಿಹಾಕಬೇಕಿಲ್ಲ. ಧಾರೆ ಎರೆಯಲಿಲ್ಲ. ನಾನು ದಾನದ ವಸ್ತುವಲ್ಲ ಎಂದಾಗ ಅಪ್ಪ ತುಸು ಹೊತ್ತು ಸುಮ್ಮನಿದ್ದು, ಒಪ್ಪಿದರು.

ಈ ದಾರಿ ಹಿಡಿಯುವವರು ನೋಂದಣಿ ಮರೆಯಬಾರದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು; ಸಹಿಯ ದಿನ ಮೂವರು ಸಾಕ್ಷಿಗಳಿರಬೇಕು. ನಮ್ಮ ಸಾಕ್ಷಿಗಳಲ್ಲಿ ಅಜ್ಜಿಯೂ ಒಬ್ಬರು.