ಎದುರಾಳಿಗೆ ಕೊಟ್ಟ ಸ್ಪಾರ್ಕ್ ಪ್ಲಗ್ಗುಗಳು

ಬೀದರ ನಗರದವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ಕೇಂದ್ರ ಇಲ್ಲಿರುವುದರಿಂದ ಮುಂಜಾನೆ ಪೂಜೆಗೆ ಕುಳಿತವರ ಕಿವಿಗೂ ಆ ಗರ್ಜನೆ ಬೀಳುತ್ತದೆ. ಆಕಾಶದಲ್ಲಿ ಚಿತ್ತಾರ ಬಿಡಿಸುವ ‘ಸೂರ್ಯಕಿರಣ’ ತಂಡ 1996ರಲ್ಲಿ ಜನ್ಮ ತಾಳಿದ್ದೂ ಈ ನೆಲದಲ್ಲಿಯೇ. ವಿಮಾನ ನಡೆಸಿದ ಇಬ್ಬರು ಹಿರಿಯರ ಕಥೆಯೊಂದನ್ನು ಓದುಗ ಬಂಧುಗಳ ಮುಂದಿಡಲು ಒಂದು ಕಾರಣವಿದೆ.

ಈಚೆಗೆ ಭಾಲ್ಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನನ್ನು ಕಾಣಲು ಔರಾದದಿಂದ ಅವನ ಸಹಪಾಠಿಯೊಬ್ಬ ಬಸ್ಸು ಹಿಡಿದು ಬಂದಿದ್ದ. ಜ್ವರದಿಂದ ಹದಿನೈದು ದಿನ ಊರಲ್ಲೇ ಉಳಿದು ಪಾಠ ತಪ್ಪಿದ್ದ ಆ ಹುಡುಗ ಟಿಪ್ಪಣಿ ಪುಸ್ತಕ ಕೇಳಿದ. ಬೇರೆ ಯಾರೋ ಒಯ್ದಿದ್ದಾರೆಂದು ಮೊಮ್ಮಗ ಹೇಳಿ ಕಳಿಸಿದ. ಪುಸ್ತಕ ಮೇಜಿನ ಖಾನೆಯಲ್ಲಿಯೇ ಇತ್ತು. ಕೇಳಿದರೆ, “ಮುತ್ಯಾ, ಅವ ನನಗಿಂತ ಮುಂದ ಹೋದ್ರ?” ಎಂದ. ಗದರಿಸಲು ಮನಸ್ಸಾಗದೆ ಈ ಕಥೆ ಹೇಳಿದೆ.

ಭಾರತ ಮತ್ತು ಇಂಗ್ಲೆಂಡುಗಳ ನಡುವಿನ ದಾರಿಯನ್ನು ಒಂಟಿಯಾಗಿ, ಒಂದು ತಿಂಗಳೊಳಗೆ ಹಾರಿ ಮುಗಿಸುವ ಮೊದಲ ಭಾರತೀಯನಿಗೆ 500 ಪೌಂಡು ಬಹುಮಾನವೆಂದು ಆಗಾ ಖಾನರು ಸಾರಿದ್ದರು. 1930ರಲ್ಲಿ ಮೂವರು ಕಣಕ್ಕಿಳಿದರು: ಮನಮೋಹನ ಸಿಂಗ್, ಆಸ್ಪಿ ಇಂಜಿನಿಯರ್ ಮತ್ತು ಜೆ. ಆರ್. ಡಿ. ಟಾಟಾ. ಅವರು ನಂಬಿದ್ದು ‘ಜಿಪ್ಸಿ ಮಾತ್’ ಎಂಬ ಪುಟ್ಟ ವಿಮಾನವನ್ನು. ಒಂದರ ಮೇಲೊಂದು ರೆಕ್ಕೆ, ಗಾಳಿಮಳೆಗೆ ತೆರೆದ ಆಸನ, ರೇಡಿಯೋ ಇಲ್ಲ. ನಕ್ಷೆ ಮತ್ತು ದಿಕ್ಸೂಚಿಗಳೇ ಆಧಾರ. ಮನಮೋಹನ ಸಿಂಗರು ಮೊದಲು ದಾರಿ ಮುಗಿಸಿದರೂ ತಿಂಗಳ ಗಡುವು ಮೀರಿದ್ದರಿಂದ ಬಹುಮಾನ ತಪ್ಪಿತು. ಉಳಿದವರು ಇಬ್ಬರು.

ಇಪ್ಪತ್ತೈದರ ಟಾಟಾ ಮೇ 3ರಂದು ಕರಾಚಿಯಿಂದ ಪಶ್ಚಿಮಕ್ಕೆ ಹಾರಿದರು. ಹದಿನೇಳರ ಆಸ್ಪಿ ಇಂಗ್ಲೆಂಡಿನಿಂದ ಪೂರ್ವಕ್ಕೆ ಬರುತ್ತಿದ್ದರು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿಯ ಅಬೂಕಿರ್‌ನಲ್ಲಿ ಟಾಟಾ ಇಳಿದಾಗ ಅಲ್ಲಿ ಇನ್ನೊಂದು ಜಿಪ್ಸಿ ಮಾತ್ ನಿಂತಿತ್ತು. ಅದು ಆಸ್ಪಿಯದು. ಎಂಜಿನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗುಗಳು ಕೆಟ್ಟು, ಹೊಸವು ಬರುವವರೆಗೆ ಆ ತರುಣ ಅಲ್ಲಿಯೇ ಸಿಕ್ಕಿಬಿದ್ದಿದ್ದ. ಟಾಟಾ ಸುಮ್ಮನೆ ಮುಂದೆ ಸಾಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಅವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ಕೊಟ್ಟರು.

ಆಸ್ಪಿ ಮೇ 11ರಂದು ಕರಾಚಿ ಮುಟ್ಟಿದರು. ಟಾಟಾ ಇನ್ನೂ ಇಂಗ್ಲೆಂಡು ತಲುಪಿರಲಿಲ್ಲ. ಬಹುಮಾನ ಆಸ್ಪಿಗೆ ಸಂದಿತು.

ಟಾಟಾ ಈ ಸೋಲನ್ನು ಜೀವನವಿಡೀ ಸಂತೋಷದಿಂದಲೇ ನೆನೆದರು. ಆ ಗೆಲುವು ಆಸ್ಪಿಗೆ ವಾಯುಪಡೆ ಸೇರಲು ನೆರವಾಯಿತೆಂಬುದೇ ಅವರಿಗೆ ಸಮಾಧಾನ. ಮುಂದೆ ಆಸ್ಪಿ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥರಾದರು. 1960ರಿಂದ 1964ರವರೆಗೆ ದೇಶದ ವಾಯುಪಡೆಯ ದಂಡನಾಯಕರಾಗಿದ್ದರು. ‘ಸೂರ್ಯಕಿರಣ’ ತಂಡದವರು 2011ರವರೆಗೆ ಹಾರಿಸಿದ ‘ಕಿರಣ’ ವಿಮಾನಗಳು ಆ ಕಾರ್ಖಾನೆಯಲ್ಲೇ ಸಿದ್ಧಗೊಂಡಂಥವು.

ಸೋತ ಟಾಟಾ ಅವರಿಗೂ ಕೊರತೆಯಾಗಲಿಲ್ಲ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಆ ಅಂಚೆಯನ್ನು ಅವರ ಸಂಗಡಿಗ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ಮುಟ್ಟಿಸಿದರು. ಭಾರತದ ವಿಮಾನಯಾನ ಸಂಸ್ಥೆ ಬೆಳೆದದ್ದು ಆ ಹಾರಾಟದಿಂದ. 1992ರಲ್ಲಿ ಟಾಟಾ ಅವರಿಗೆ ಭಾರತರತ್ನ ದೊರೆಯಿತು; ಮರುವರ್ಷ ಅವರು ಅಗಲಿದರು. ಆಸ್ಪಿ 2002ರಲ್ಲಿ ತೀರಿಕೊಂಡರು. ಆ 500 ಪೌಂಡು ಎಂದೋ ಖರ್ಚಾಗಿ ಹೋಯಿತು. ಪ್ಲಗ್ಗು ಕೊಟ್ಟ ಕೈಯ ನೆನಪು ಉಳಿದಿದೆ.

ಕಥೆ ಮುಗಿದಾಗ ಮೊಮ್ಮಗ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಮೇಜಿನ ಖಾನೆಯಲ್ಲಿ ಪುಸ್ತಕವಿರಲಿಲ್ಲ. ಔರಾದ ಬಸ್ಸಿಗೆ ಹೋದನೆಂದು ಮಗಳು ತಿಳಿಸಿದಳು.

ತಂದೆ ತಾಯಂದಿರೇ, ಮಕ್ಕಳಿಗೆ ಗೆಲ್ಲುವುದನ್ನು ಕಲಿಸೋಣ. ಆದರೆ ಜೊತೆಗೆ ಓಡುವವನು ದಾರಿಯಲ್ಲಿ ನಿಂತುಬಿಟ್ಟಾಗ ಕೈ ನೀಡುವುದನ್ನು ಅದಕ್ಕೂ ಮೊದಲು ಕಲಿಸೋಣ.