ಕಣ್ಣೊಳಗಿನ ಗಾಯವೂ ಅಯಸ್ಕಾಂತವೂ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬೀದರ ಜಿಲ್ಲೆಯ ಹುಮನಾಬಾದನ್ನು ಹಾದುಹೋಗುತ್ತದೆ. ಅಲ್ಲಿಯೂ ನೆರೆಯ ಚಿಟಗುಪ್ಪ, ಬಸವಕಲ್ಯಾಣಗಳಲ್ಲಿಯೂ ಲಾರಿ ದುರಸ್ತಿಯ ಅಂಗಡಿಗಳನ್ನು, ಕಮ್ಮಾರರ ಕುಲುಮೆಗಳನ್ನು ನಾವು ಕಾಣುತ್ತೇವೆ. ಉಳಿಯ ತಲೆಯ ಮೇಲೆ ಸುತ್ತಿಗೆ ಬಿದ್ದಾಗ ಉಕ್ಕಿನ ಚೂರೊಂದು ಸಿಡಿಯುವ ಸಂಭವವುಂಟು. ಸಾಸಿವೆಗಿಂತ ಕಿರಿದಾದ ಆ ಚೂರು ಕಣ್ಣನ್ನು ಹೊಕ್ಕರೂ ಕೆಲವೊಮ್ಮೆ ಹೆಚ್ಚು ನೋವಾಗುವುದಿಲ್ಲ. ಗಾಯವೂ ಹೊರಗೆ ಕಾಣಿಸದು. ಕಸ ಬಿದ್ದಿರಬೇಕೆಂದು ಕಣ್ಣೊರಸಿಕೊಂಡು ಕೆಲಸ ಮುಂದುವರಿಸುವವರುಂಟು. ಒಳಗುಳಿದ ಕಬ್ಬಿಣವಾದರೋ ಮೆಲ್ಲಮೆಲ್ಲನೆ ತುಕ್ಕು ಹಿಡಿದು, ಅಕ್ಷಿಪಟಕ್ಕೆ ವಿಷವಾಗಿ ಪರಿಣಮಿಸಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ದೃಷ್ಟಿಯನ್ನೇ ಕಸಿದುಕೊಳ್ಳಬಹುದು.

ಹೀಗಿರಲು, ಕಣ್ಣಿನ ಒಳಗನ್ನು ನೋಡುವ ಬಗೆ ಹೇಗೆ? ವೈದ್ಯರು ದೀಪ, ಮಸೂರಗಳ ನೆರವಿನಿಂದ ನೋಡಬಲ್ಲರು. ಆದರೆ ಸುಮಾರು 24 ಮಿಲಿಮೀಟರು ಉದ್ದದ ಈ ಗೋಳದಲ್ಲಿ ರಕ್ತ ತುಂಬಿದರೆ ಬೆಳಕು ಒಳಹೋಗದು. ಆಗ ಎಂ.ಆರ್.ಐ. ಯಂತ್ರದ ಹೆಸರು ಅನೇಕರ ಬಾಯಲ್ಲಿ ಬರುತ್ತದೆ.

ಈ ಯಂತ್ರದ ತತ್ತ್ವವು ಸ್ವಾರಸ್ಯಕರವಾದುದು. ನಮ್ಮ ದೇಹದಲ್ಲಿ ನೀರು ಹೇರಳವಾಗಿದೆ, ನೀರಿನಲ್ಲಿ ಜಲಜನಕವಿದೆ. ಜಲಜನಕದ ಪರಮಾಣು ಬೀಜವು ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ದೇಹವನ್ನಿರಿಸಿ ರೇಡಿಯೋ ಅಲೆಗಳನ್ನು ಹಾಯಿಸಿದರೆ ಈ ಬೀಜಗಳು ಮರುದನಿ ಕೊಡುತ್ತವೆ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಪ್ರತ್ಯೇಕವಾಗಿ ಇದನ್ನು ತೋರಿಸಿಕೊಟ್ಟರು. 1973ರಲ್ಲಿ ಲಾಟರ್ಬರ್ ಎಂಬವರು ಆ ದನಿಯಿಂದ ಚಿತ್ರ ರಚಿಸುವ ಮಾರ್ಗವನ್ನು ಪ್ರಕಟಿಸಿದರು. ಕ್ಷ-ಕಿರಣದ ಸೋಂಕಿಲ್ಲದೆ ಮೃದುವಾದ ಅಂಗಗಳ ಚಿತ್ರ ಹೀಗೆ ದೊರೆಯುತ್ತದೆ.

ಆದರೆ ಗುಣವಿದ್ದಲ್ಲಿಯೇ ಅಪಾಯವೂ ಅಡಗಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕ್ಷೇತ್ರವು ಭೂಮಿಯ ಅಯಸ್ಕಾಂತ ಕ್ಷೇತ್ರದ ಸುಮಾರು 30,000 ಪಟ್ಟು ಪ್ರಬಲ. ಕಣ್ಣೊಳಗೆ ಉಕ್ಕಿನ ಚೂರಿದ್ದರೆ ಅದು ತಿರುಗಿ, ಸರಿದು, ಸುತ್ತಲಿನ ಭಾಗವನ್ನು ಸೀಳಬಹುದು. ಇಂತಹ ಚೂರನ್ನು ಅರಿಯದೆ ಹೊತ್ತಿದ್ದ ರೋಗಿಯೊಬ್ಬರು ಈ ಪರೀಕ್ಷೆಯ ತರುವಾಯ ಕಣ್ಣೊಳಗೆ ರಕ್ತಸ್ರಾವವಾಗಿ ಆ ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡುದನ್ನು 1986ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ವಿಚಿತ್ರವೆಂದರೆ, 1879ರಲ್ಲಿ ಜರ್ಮನಿಯ ಹಿರ್ಷ್‌ಬರ್ಗ್ ಎಂಬ ವೈದ್ಯರು ವಿದ್ಯುದಯಸ್ಕಾಂತದಿಂದಲೇ ಕಣ್ಣಿನ ಲೋಹದ ಚೂರನ್ನು ಹೊರತೆಗೆದಿದ್ದರು. ಚೂರಿರುವ ಸ್ಥಳವನ್ನರಿತು ಎಳೆಯುವುದು ಚಿಕಿತ್ಸೆ. ಅರಿಯದೆ ಎಳೆಯುವುದು ಆಘಾತ.

ಆದ್ದರಿಂದ ಲೋಹದ ಸಂಶಯವಿದ್ದಲ್ಲಿ ಮೊದಲು ಕ್ಷ-ಕಿರಣದ ಚಿತ್ರವನ್ನು, ಅದಕ್ಕಿಂತ ಮೇಲಾಗಿ ಸಿ.ಟಿ. ಚಿತ್ರವನ್ನು ತೆಗೆಯುತ್ತಾರೆ. ಲೋಹವಿಲ್ಲವೆಂದು ಖಚಿತವಾದ ಬಳಿಕ ಎಂ.ಆರ್.ಐ. ತನ್ನ ನಿಜವಾದ ಉಪಯೋಗಕ್ಕೆ ಬರುತ್ತದೆ. ಹೊಲದಲ್ಲಿ ತೊಗರಿಯ ಕಡ್ಡಿಯೋ ಜಾಲಿಯ ಮುಳ್ಳೋ ಚುಚ್ಚಿ ಮುರಿದಿದ್ದರೆ, ಒಣಗಿದ ಕಟ್ಟಿಗೆಯು ಸಿ.ಟಿ. ಚಿತ್ರದಲ್ಲಿ ಗಾಳಿಯಂತೆ ತೋರಿ ಮೋಸಗೊಳಿಸಬಹುದು. ಅಂತಹ ಚೂರನ್ನೂ ದೃಷ್ಟಿನರಕ್ಕಾದ ಪೆಟ್ಟನ್ನೂ ಗುರುತಿಸಲು ಎಂ.ಆರ್.ಐ. ನೆರವಾಗುತ್ತದೆ.

ಯಾವ ಯಂತ್ರಕ್ಕೂ ಮೊದಲು ಬೇಕಾದುದು ರೋಗಿಯ ಮಾತು. ಪೆಟ್ಟು ಬಿದ್ದಾಗ ಏನನ್ನು ಹೊಡೆಯುತ್ತಿದ್ದಿರಿ, ಯಾವುದರಿಂದ ಹೊಡೆಯುತ್ತಿದ್ದಿರಿ ಎಂಬೆರಡನ್ನೂ ವೈದ್ಯರಿಗೆ ತಿಳಿಸಬೇಕು. ಬೀದರಿನ ಬಿದ್ರಿ ಪಾತ್ರೆಯ ಸತು-ತಾಮ್ರಗಳ ಮಿಶ್ರಲೋಹವನ್ನು ಅಯಸ್ಕಾಂತ ಸೆಳೆಯದು. ಆದರೆ ಅದನ್ನು ಕೆತ್ತುವ ಉಕ್ಕಿನ ಉಳಿಯನ್ನು ಸೆಳೆಯುತ್ತದೆ! ಹಲವು ವರ್ಷಗಳ ಹಿಂದೆ ಕಣ್ಣಿಗೆ ಲೋಹ ಸಿಡಿದಿದ್ದರೂ, ಮಂಡಿಯ ನೋವಿಗಾಗಿ ಎಂ.ಆರ್.ಐ. ಮಾಡಿಸುವಾಗ ಅದನ್ನು ಹೇಳಲೇಬೇಕು.

ಕಣ್ಣಿಗೆ ಚೂರು ಹೊಕ್ಕಿತೆಂಬ ಅನುಮಾನ ಬಂದರೆ ಉಜ್ಜಬಾರದು, ಒತ್ತಬಾರದು, ಚುಚ್ಚಿಕೊಂಡುದನ್ನು ಕೀಳಬಾರದು. ಶುಚಿಯಾದ ಕಾಗದದ ಲೋಟದ ಬುಡವನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಎಲುಬಿನ ಮೇಲೆ ಊರಿ ಮುಚ್ಚಿ, ಅಂದೇ ನೇತ್ರವೈದ್ಯರ ಬಳಿಗೆ ಹೋಗಬೇಕು. ಇನ್ನು ಕುಲುಮೆಯಲ್ಲಿಯೂ ಅಂಗಡಿಯಲ್ಲಿಯೂ ರಕ್ಷಣೆಯ ಕನ್ನಡಕವನ್ನು ಧರಿಸಿಯೇ ಸುತ್ತಿಗೆ ಎತ್ತಿದರೆ, ಈ ಯಂತ್ರಗಳ ಗೊಡವೆಯೇ ಬಹುಮಟ್ಟಿಗೆ ತಪ್ಪುವುದು.